ಕಿಟಕಿಯಾಚೆ ಕಟ್ಟಿದ ಗಟ್

ಬೆಳಿಗ್ಗೆ ಒಂಬತ್ತಕ್ಕೆ ಓಟಗಾರ್ತಿಯೊಬ್ಬಳು ಎಡಗೈಗೆ ಪಟ್ಟಿ ಕಟ್ಟಿಕೊಂಡು ಠಾಣೆಗೆ ಬಂದಳು. ಹಿಂದಿನ ದಿನ ಓಣಿಯಲ್ಲಿ ಓಡುವಾಗ, ಅವಳ ಜೊತೆಜೊತೆಗೇ ಹಾರುತ್ತಿದ್ದ ಅವಳದೇ ಡ್ರೋನ್ ಮೈಮೇಲೆ ಬಿದ್ದು ಭುಜದ ಮೂಳೆ ಮುರಿದಿತ್ತು. ಮುಂದಿನ ತಿಂಗಳ ಆಯ್ಕೆ ಓಟ ಕೈತಪ್ಪಿತ್ತು.

“ಹಾರಿಸ್ತಿದ್ದವರು ಯಾರು?” ಇನ್‌ಸ್ಪೆಕ್ಟರ್ ಕೇಳಿದರು.

“ಯಾರೂ ಇಲ್ಲ ಸಾರ್. ನನ್ನ ಗುರುತು ಹಿಡಿದು ತಾನೇ ಬರುತ್ತೆ. ಅಡ್ಡ ಏನಾದ್ರೂ ಇದ್ರೆ ತಪ್ಪಿಸ್ಕೊಳ್ಳುತ್ತೆ ಅಂತಿದ್ರು.”

“ಜೊತೆಗೆ ಯಾರೂ ಓಡಲ್ವಾ?”

“ಅದೇ ಜೊತೆ.”

ಎಫ್‌ಐಆರ್ ದಾಖಲಾಯಿತು. ಠಾಣೆಗೆ ಕರೆಸಿದ ಡ್ರೋನ್ ರಿಪೇರಿಯವನು ಮುರುಕನ್ನು ತಿರುಗಿಸಿ ನೋಡಿದ.

“ಇದಕ್ಕೆ ಮುಂದೆ, ಹಿಂದೆ ಕಣ್ಣಿದೆ ಸಾರ್. ಪಕ್ಕದಲ್ಲಿಲ್ಲ. ಇವರು ತಮ್ಮನ್ನ ಪಕ್ಕದಿಂದ ವಿಡಿಯೋ ಮಾಡ್ಲಿ ಅಂತ ಇಟ್ಟಿದ್ದಾರೆ. ಮುಖ ಇವರ ಕಡೆ, ಹೋಗೋದು ಮಾತ್ರ ಏಡಿ ಥರ ಅಡ್ಡಡ್ಡ. ಕಣ್ಣಿದ್ರೂ ಇಷ್ಟು ಸಣ್ಣ ದಾರ ಕಾಣ್ತಿರಲಿಲ್ಲ ಬಿಡಿ.” ರೆಕ್ಕೆಯ ಬುಡದಿಂದ ನೈಲಾನ್ ಎಳೆಯೊಂದನ್ನು ಎಳೆದು ಮೇಜಿನ ಮೇಲಿಟ್ಟ.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ ನಡೆಯಿತು. ಎಳೆಯ ಇನ್ನೊಂದು ತುದಿ ಓಣಿ ಬದಿಯ ಕಟ್ಟಡದ ಎರಡನೇ ಮಹಡಿಯ ಕಿಟಕಿ ಪಕ್ಕದ ನೀರಿನ ಪೈಪಿನಲ್ಲಿ ಉಳಿದಿತ್ತು. ಕಾನ್‌ಸ್ಟೆಬಲ್ ಏಣಿ ಹತ್ತಿ ಗಂಟನ್ನು ಮುಟ್ಟಿ ನೋಡಿದ.

“ಇದು ಬ್ಯಾಡ್ಮಿಂಟನ್ ರಾಕೆಟ್‌ಗೆ ಹೆಣೆಯೋ ಗಟ್ ಸಾರ್. ಗಂಟೂ ಗಟ್ ಹಾಕೋರದ್ದೇ. ಇಲ್ಲೇ ಎರಡನೇ ಮಹಡೀಲಿ ಒಬ್ಬರಿದ್ದಾರೆ. ನನ್ನ ರಾಕೆಟ್ ಅವರ ಹತ್ರಾನೇ ಹೋಗೋದು.”

“ಆಳು ಹೇಗೆ?”

“ನೋಡಿಲ್ಲ ಸಾರ್. ಕೆಳಗೆ ಮೊಳೆಗೆ ನೇತುಹಾಕಿ ಬರ್ತೀವಿ. ಮಾರನೇ ದಿನ ಅಲ್ಲೇ ಸಿಗುತ್ತೆ.”

“ಚೆನ್ನಾಗಿದೆ. ದೇವರಿಗಾದ್ರೂ ಆಗಾಗ ಮುಖ ತೋರಿಸ್ತೀಯ, ಇವರಿಗೆ ಅದೂ ಇಲ್ಲ.”

ಕಾನ್‌ಸ್ಟೆಬಲ್ ನಗಲಿಲ್ಲ.

ಮಧ್ಯಾಹ್ನ ಡ್ರೋನಿನ ಹಳೆಯ ಚಿತ್ರೀಕರಣಗಳನ್ನು ಹಾಕಿ ನೋಡಿದರು. ಪ್ರತಿಯೊಂದರಲ್ಲೂ ಅವಳು ಓಡುತ್ತಿದ್ದಳು. ಪ್ರತಿಯೊಂದರ ಅಂಚಿನಲ್ಲೂ ಅದೇ ಎರಡನೇ ಮಹಡಿಯ ಕಿಟಕಿ, ಮೇಲೆತ್ತಿದ ಒಂದು ಕೈ.

“ಇವರು ಯಾರು?”

ಓಟಗಾರ್ತಿ ಪರದೆಯತ್ತ ಬಾಗಿ ನೋಡಿದಳು. “ನಾನು ನನ್ನ ಹೆಜ್ಜೆ ಮಾತ್ರ ನೋಡ್ತಿದ್ದೆ ಸಾರ್.”

ಎರಡನೇ ಮಹಡಿಯ ಬಾಗಿಲು ಇನ್‌ಸ್ಪೆಕ್ಟರರ ಒಂದೇ ತಟ್ಟಿಗೆ ತೆರೆಯಿತು. ಐವತ್ತರ ಆಸುಪಾಸಿನ ಮನುಷ್ಯ. ಗಟ್ ಬಿಗಿಯುವ ಯಂತ್ರದ ಪಕ್ಕ ಎರಡು ಕುರ್ಚಿಗಳಿದ್ದವು. ಒಂದರ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ.

“ದಾರ ಕಟ್ಟಿದ್ದು ನೀವೇನಾ?”

“ಹೌದು.”

“ಆ ಹುಡುಗಿ ಮೇಲೆ ಏನಾದ್ರೂ ದ್ವೇಷ?”

“ಅಯ್ಯೋ, ಇಲ್ಲ. ಆ ಡ್ರೋನ್ ದಿನಾ ಕಿಟಕಿ ಮುಂದೇನೇ ಹೋಗ್ತಿತ್ತು. ಕೈ ಬೀಸ್ತಿದ್ದೆ. ಸಿಕ್ಕಿಹಾಕ್ಕೊಂಡು ಇಲ್ಲೇ ನೇತಾಡುತ್ತೆ ಅಂದ್ಕೊಂಡಿದ್ದೆ.” ಹೊದಿಕೆಯ ಕುರ್ಚಿಯನ್ನು ಅವರತ್ತ ಸರಿಸಿದ. “ತಗೊಂಡು ಹೋಗೋಕೆ ಯಾರಾದ್ರೂ ಮೇಲೆ ಬರ್ಬೇಕಲ್ಲ.”

“ಬಿದ್ದಾಗ ಕೆಳಗಿಳಿದು ಬರಬಹುದಿತ್ತು.”

“ಮೆಟ್ಟಿಲವರೆಗೆ ಬಂದೆ. ಆಮೇಲೆ ಧೈರ್ಯ ಬರಲಿಲ್ಲ. ಆ ಹುಡುಗಿ ಕೈ ಹೇಗಿದೆ?”

“ಕೂಡುತ್ತೆ. ಓಟ ಮಾತ್ರ ಹೋಯ್ತು.”

ನಾಲ್ಕು ಗಂಟೆಗೆ ದಸ್ತಗಿರಿ ದಾಖಲಾಯಿತು.

ಕೆಳಗಿಳಿದಾಗ ಮೊಳೆಯಲ್ಲಿ ಒಂದು ರಾಕೆಟ್ ತೂಗುತ್ತಿತ್ತು. ಕಾನ್‌ಸ್ಟೆಬಲ್ ಅದನ್ನು ತೆಗೆದುಕೊಳ್ಳಲೋ ಬೇಡವೋ ಎಂದು ನಿಂತ.

“ನಿಮ್ದಾ?” ಬಂಧಿತ ಕೇಳಿದ. “ಎಡಗೈ ಆಟ, ಅಲ್ವಾ? ಹಿಡಿ ಸವೆದಿರೋದು ನೋಡಿ ಅಂದ್ಕೊಳ್ತಿದ್ದೆ.”

ಕಾನ್‌ಸ್ಟೆಬಲ್ ಹೌದೆಂದು ತಲೆಯಾಡಿಸಿ, ಅವನಿಗೆ ಜೀಪಿನ ಬಾಗಿಲು ತೆರೆದ.