ಒಂದೇ ವಿಳಾಸದ ಕಪ್ಪುಪಟ್ಟಿ

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 9.20. ಬಾತಾಮ್ ದ್ವೀಪದ ಠಾಣೆಗೆ ಕಾರ್ಮಿಕ ಸಂಘದ ಕಾರ್ಯದರ್ಶಿ ರೊಸ್ಮಾವಾತಿ ಏಳು ಹಾಳೆ ಹಿಡಿದು ಬಂದಳು. ಕಾರ್ಖಾನೆಯ ಬೆಸುಗೆ ವಿಭಾಗದಲ್ಲಿ ಹೊಗೆ ಹೀರುವ ಫ್ಯಾನ್ ಕೆಟ್ಟು ಐದು ವಾರದ ಮೇಲಾಗಿತ್ತು. ನುರ್ಲೈಲಾ ಎಂಬ ಕೆಲಸಗಾರ್ತಿ ಸತ್ತಿದ್ದಳು. ಸಂಘ ಕಳಿಸಿದ ಏಳೂ ಇಮೇಲ್ ದೂರುಗಳು ‘ನಿಮ್ಮ ವಿಳಾಸ ಕಪ್ಪುಪಟ್ಟಿಯಲ್ಲಿದೆ’ ಎಂಬ ಉತ್ತರ ಹೊತ್ತು ವಾಪಸಾಗಿದ್ದವು. ನಿಮ್ಮ ಸರ್ವರ್ ಸ್ಪ್ಯಾಮ್ ಕಸ ಕಳಿಸುತ್ತದೆ, ತಪ್ಪು ನಿಮ್ಮದೇ ಎಂದು ಕಂಪನಿ ಕೈತೊಳೆದುಕೊಂಡಿತ್ತು. ಸಂಜೆ ನಾಲ್ಕಕ್ಕೆ ಸಾವಿನ ವಿಚಾರಣೆ ಮುಗಿಯಲಿತ್ತು.

ಇನ್ಸ್‌ಪೆಕ್ಟರ್ ತಿಗೋರ್ ಸಿನಾಗಾ ಎಫ್‌ಐಆರ್ ದಾಖಲಿಸಿದ. ಕಾನ್‌ಸ್ಟೆಬಲ್ ಯುಲಿಯಾನಾ ಲೋಕಕ್ಕೆಲ್ಲ ತೆರೆದಿರುವ ಕಪ್ಪುಪಟ್ಟಿಗಳನ್ನು ಒಂದೊಂದಾಗಿ ಕೇಳಿ ನೋಡಿದಳು. ಸಂಘದ ವಿಳಾಸ ಯಾವುದರಲ್ಲೂ ಇರಲಿಲ್ಲ.

11.05ಕ್ಕೆ ಇಬ್ಬರೂ ಕಾರ್ಖಾನೆಯಲ್ಲಿದ್ದರು. ಮೇಲ್ ಸರ್ವರ್ ನೋಡಿಕೊಳ್ಳುವ ಫಿರ್ದೌಸ್ ಕಾಫಿ ತರಿಸಿ, ವಿನಯದಿಂದಲೇ ವಿವರಿಸಿದ. ಪತ್ರ ಬಾಗಿಲಿಗೆ ಬಂದಾಗ ಸರ್ವರ್ ಡಿಎನ್ಎಸ್ ಎಂಬ ಅಂತರ್ಜಾಲದ ವಿಳಾಸಪುಸ್ತಕದ ಮೂಲಕ ಪಟ್ಟಿಗಳನ್ನು ಕೇಳುತ್ತದೆ. ಕಳಿಸಿದ ವಿಳಾಸ ಅಲ್ಲಿದ್ದರೆ ಪತ್ರ ಹೊರಗೇ ಉಳಿಯುತ್ತದೆ. ಅವನ ಸರ್ವರ್ ಮೂರು ಪಟ್ಟಿ ಕೇಳುತ್ತಿತ್ತು. ಎರಡು ಎಲ್ಲರಿಗೂ ಗೊತ್ತಿದ್ದವು. ಮೂರನೆಯದು ಹೊರಗಿನವರು ಕೊಟ್ಟದ್ದು, ತನಗೇನೂ ತಿಳಿಯದು ಎಂದ.

ಯುಲಿಯಾನಾ ಆ ಪಟ್ಟಿ ತೆರೆದಳು. ಎರಡೇ ವಿಳಾಸ. ಒಂದು ಸಂಘದ್ದು.

“ಇನ್ನೊಂದು ಯಾರ್ದು?” ಸಿನಾಗಾ ಕೇಳಿದ.

“ಯಾರ್ದೂ ಅಲ್ಲ, ಪಾಕ್,” ಎಂದಳು ಯುಲಿಯಾನಾ, ಅಲ್ಲಿನವರು ‘ಸರ್’ ಎನ್ನುವ ಹಾಗೆ. “ಪರೀಕ್ಷೆಗೆ ಅಂತ ಪ್ರತಿ ಪಟ್ಟೀಲೂ ಒಂದು ಇಟ್ಟಿರ್ತಾರೆ.”

ಡಿಎನ್ಎಸ್ ದಾಖಲೆಯಲ್ಲಿ ಆ ಪರೀಕ್ಷಾ ವಿಳಾಸವನ್ನು ಮೊದಲ ಬಾರಿ ಕೇಳಿದ್ದು ಫೆಬ್ರವರಿ 4, ಬೆಳಿಗ್ಗೆ 10.12ಕ್ಕೆ, ಫಿರ್ದೌಸನ ಮೇಜಿನ ಯಂತ್ರದಿಂದಲೇ. 10.15ಕ್ಕೆ ಪಟ್ಟಿ ಸರ್ವರಿಗೆ ಸೇರಿತ್ತು. 10.40ಕ್ಕೆ ಮೊದಲ ದೂರು ವಾಪಸಾಗಿತ್ತು. ಪರೀಕ್ಷಿಸದೆ ಪಟ್ಟಿ ಹಾಕುವುದು ಆ ಕಸುಬಿನವರ ಕೈಗೆ ಒಗ್ಗುವುದಿಲ್ಲ; ಅದಕ್ಕೂ ಮುಂಚೆ ಆ ಪಟ್ಟಿಯನ್ನು ಬೇರೆ ಯಾರೂ ಕೇಳಿರಲಿಲ್ಲ, ಅಂದರೆ ಕಟ್ಟಿದವನು ಅವನೇ.

“ಅಚ್ಚುಕಟ್ಟಾದ ಕೆಲಸಗಾರ ಕಣಯ್ಯ ನೀನು,” ಎಂದ ಸಿನಾಗಾ. “ಕದಿಯೋಕೆ ಬಂದವನು ಚಪ್ಪಲಿ ಬಿಟ್ಟು ಒಳಗೆ ಹೋದ ಹಾಗೆ.”

ಫಿರ್ದೌಸ್ ಕಾಫಿ ಬದಿಗಿಟ್ಟು ಒಪ್ಪಿಕೊಂಡ. ಮಾಲು ಕೊಳ್ಳುವವರು ಕಾರ್ಖಾನೆಯ ತಪಾಸಣೆ ಮುಗಿಸುವವರೆಗೆ ಸಂಘದ ಪತ್ರ ತನ್ನ ಪೆಟ್ಟಿಗೆಗೆ ಬೀಳಬಾರದೆಂದು ಮ್ಯಾನೇಜರ್ ಹೆಂದ್ರೋ ಹೇಳಿದ್ದ. ಬಾಯಲ್ಲಿ, ಬೆದರಿಸಿ ಹೇಳಿದ್ದು, ಬರಹದಲ್ಲಿ ಅಲ್ಲ.

1.30ಕ್ಕೆ ಪಂಚನಾಮೆ ಮುಗಿಯಿತು. ತನಗೆ ಕಂಪ್ಯೂಟರ್ ಗೊತ್ತಿಲ್ಲವೆಂದು ಹೆಂದ್ರೋ ವಾದಿಸಿದ.

“ಕಂಪ್ಯೂಟರ್ ಯಾಕೆ ಬೇಕು, ಪಾಕ್? ಹೆದರಿಸೋದು ಗೊತ್ತಿದ್ರೆ ಸಾಕಲ್ವಾ,” ಎಂದ ಸಿನಾಗಾ. 2.15ಕ್ಕೆ ಹೆಂದ್ರೋ, ಫಿರ್ದೌಸ್ ಇಬ್ಬರನ್ನೂ ಬಂಧಿಸಲಾಯಿತು. 3.10ಕ್ಕೆ ಪಂಚನಾಮೆಯ ಪ್ರತಿ ವಿಚಾರಣಾಧಿಕಾರಿಯ ಕೈ ಸೇರಿತು, ವಿಚಾರಣೆ ಮುಚ್ಚಲಿಲ್ಲ.

ಠಾಣೆಯಲ್ಲಿ ಫಿರ್ದೌಸನ ಜೇಬಿನಿಂದ ಅವನ ಕೆಲಸದ ಗುತ್ತಿಗೆ ಪತ್ರ ಮಡಚಿದ್ದು ಸಿಕ್ಕಿತು. ಮೂರು ತಿಂಗಳಿಗೊಮ್ಮೆ ನವೀಕರಣ, ಸಹಿ ಹೆಂದ್ರೋನದು. ಮುಂದಿನ ಗಡುವು ಮಾರ್ಚ್ 31.

ಸಂಘದ ದೂರುಗಳಲ್ಲಿ ಏನಿತ್ತೆಂದು ಓದಿದ್ದೆಯಾ ಎಂದು ರೊಸ್ಮಾವಾತಿ ಅವನನ್ನು ಕೇಳಿದಳು.

“ಓದೋಕೆ ಒಳಗೇ ಬರ್ತಿರಲಿಲ್ಲ, ಬು,” ಎಂದ ಫಿರ್ದೌಸ್, ‘ಮೇಡಂ’ ಎನ್ನುವ ಹಾಗೆ. “ಬಾಗಿಲಲ್ಲೇ ತಿರುಗಿ ಹೋಗ್ತಿದ್ವು.”

ಅವಳು ಮೊದಲ ಹಾಳೆಯನ್ನು ಅವನ ಮುಂದಿಟ್ಟಳು. ‘ಫ್ಯಾನ್ ನಿಂತಿದೆ. ನುರ್ಲೈಲಾಗೆ ಕೆಮ್ಮು ಶುರುವಾಗಿದೆ.’ ತಾರೀಕು ಫೆಬ್ರವರಿ 4. ಫಿರ್ದೌಸ್ ಓದಿದ.