ಬಿಸ್ಕತ್ತಿನ ಡಬ್ಬಿಯ ಕೆಂಪು ದೀಪ

ನಮ್ಮಜ್ಜಿಯ ಕಥೆಗಳಲ್ಲಿ ದೆವ್ವಗಳಿಗೆಲ್ಲ ಹುಣಸೆಮರದಲ್ಲೇ ವಾಸ. ನನಗೆ ಎದುರಾದದ್ದು ಮಾತ್ರ ಅಮೆರಿಕದ ಗೈದರ್ಸ್‌ಬರ್ಗಿನ ನಮ್ಮ ಮನೆಯ ಬೇಸ್‌ಮೆಂಟ್ ಬಾತ್‌ರೂಮಿನಲ್ಲಿ, ಅದೂ ತೊಂಬತ್ತಾರರ ಒಂದು ಭಾನುವಾರ ಮಟಮಟ ಮಧ್ಯಾಹ್ನ.

ನನ್ನ ಗಂಡ ಶಶಾಂಕ್ ಅದನ್ನು ಫೋಟೋ ತೊಳೆಯುವ ಡಾರ್ಕ್‌ರೂಮ್ ಮಾಡಿಕೊಂಡಿದ್ದರು. ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಬಲ್ಬು ಕೂರಿಸಿ, ಬಾಯಿಗೆ ಕೆಂಪು ಪ್ಲಾಸ್ಟಿಕ್ ಬಿಗಿದು, ಫೋಟೋ ಕಾಗದವನ್ನು ಕಪ್ಪಾಗಿಸದಂಥ ಒಂದು ದೀಪವನ್ನು ತಾವೇ ಕಟ್ಟಿದ್ದರು.

"ಇದು ಫೇಲ್ ಆದ್ರೆ ನನ್ನ ಬಾತ್‌ರೂಮ್ ನನಗೆ ವಾಪಸ್ ರೀ," ಎಂದೆ.

"ಪಾಸ್ ಆದ್ರೆ ಇನ್ಮೇಲೆ ಈ ಕಡೆ ತಲೆ ಹಾಕ್ಬಾರ್ದು ಕಣೇ!"

ಪರೀಕ್ಷೆ ಸುಲಭ. ಕೆಂಪು ಬೆಳಕಿನಲ್ಲಿ ಫೋಟೋ ಕಾಗದದ ಮೇಲೆ ಚಮಚವೊಂದನ್ನು ಇಟ್ಟು ಸ್ವಲ್ಪ ಹೊತ್ತು ಕಾಯಬೇಕು. ಆಮೇಲೆ ಕಾಗದ ತೊಳೆದಾಗ ಸುತ್ತ ಕಪ್ಪಾಗಿ ಚಮಚದ ಆಕಾರ ಬೆಳ್ಳಗೆ ಕಂಡರೆ ದೀಪ ಕೆಟ್ಟದ್ದು. ಹಾಳೆ ಬೆಳ್ಳಗೇ ಉಳಿದರೆ ಒಳ್ಳೆಯದು.

ಕಾಯುತ್ತ ನಿಂತೆವು. ಬಲ್ಬಿನ ಕಾವಿಗೆ ಬೆವರಬೇಕಾದ ಕೋಣೆ ತಣ್ಣಗಾಗುತ್ತ ಬಂತು. ಎಲ್ಲಿಂದಲೋ ಒದ್ದೆ ತಲೆಗೂದಲಿನ ವಾಸನೆ.

ಕಾಗದ ತೊಳೆದರೆ ಚಮಚದ ಗುರುತೇ ಇಲ್ಲ! "ಗೆದ್ದೆ!" ಎಂದು ಶಶಾಂಕ್ ಕುಣಿದೇಬಿಟ್ಟರು. ಅಷ್ಟರಲ್ಲಿ ಆ ಬಿಳಿ ಹಾಳೆಯ ಮೂಲೆಯಲ್ಲಿ ಮಗುವಿನ ಪುಟ್ಟ ಅಂಗೈಯೊಂದು ಮೆಲ್ಲಗೆ, ಕಪ್ಪಗೆ, ಗೆರೆಗಳ ಸಮೇತ ಮೂಡಿತು.

"ಬಾತ್‌ರೂಮ್ ನೀನೇ ಇಟ್ಕೋ," ಎಂದರು ಶಶಾಂಕ್.

"ಅಯ್ಯೋ, ಗೆದ್ದವರು ನೀವಲ್ವಾ!"

ಒಬ್ಬರನ್ನೊಬ್ಬರು ತಳ್ಳಿಕೊಂಡು ನಗುನಗುತ್ತಲೇ ಮೆಟ್ಟಿಲು ಹತ್ತಿದೆವು. ಆ ಕೋಣೆ ಈಗ ಇಬ್ಬರದೂ ಅಲ್ಲ.

ಕಾಗದವನ್ನು ಎಸೆಯಲು ಮನಸ್ಸಾಗದೆ ಕಪಾಟಿನಲ್ಲಿಟ್ಟಿದ್ದೇನೆ. ಮೊನ್ನೆ ತೆಗೆದು ನೋಡಿದಾಗ ಆ ಅಂಗೈ ಹಾಳೆಯ ನಡುವಿನವರೆಗೆ ಬೆಳೆದಿತ್ತು.