ಲಾಭ, ಎರಡು, ಮೂರು

"ನಗ್ತಿದ್ದೀರಾ? ನಾಚ್ಕೆ ಆಗಲ್ವಾ ನಿಮಗೆ?"

ಗಗನಾಳ ಕಣ್ಣು ಕೆಂಪಾಗಿತ್ತು. ಹಿಂದಿನ ಗೋಡೆಯ ಪರದೆಯೂ ಕೆಂಪಾಗಿತ್ತು!

ಕಡೂರಿನ ತೆಂಗು ಬೆಳೆಗಾರರ ಸಂಘದಲ್ಲಿ ಇವತ್ತು ಅವಳು ಬರೆದ ಪ್ರೋಗ್ರಾಂಗೆ ಪರೀಕ್ಷೆ. ಓಡಿದರೆ ಸಂಘಕ್ಕೆ ಅದೇ. ಇಲ್ಲವಾದರೆ ಹೊರಗಿನ ಕಂಪನಿಯದು. ತೋಟದಿಂದ ಬಂದ ಗಾಡಿ ಎಷ್ಟನೆಯದು ಎಂದು ಟ್ಯಾಬಿನಲ್ಲಿ ಬರೆದ ಪದವನ್ನು ಅಂಕಿಯಾಗಿ ಬದಲಿಸಿ ಸಾಲಾಗಿ ಜೋಡಿಸುವುದು ಅದರ ಕೆಲಸ. ಮೊದಲ ಸಾಲಿಗೇ ಪರದೆಯೆಲ್ಲ ಕೆಂಪಾಗಿಸಿ, ಮೊಂಡು ಹಿಡಿದು ನಿಂತುಬಿಟ್ಟಿತು. ಮುಂದಿನ ಬೆಂಚಿನಲ್ಲಿ ಅಪ್ಪ ನಂಜುಂಡಪ್ಪ ಬೇರೆ, ಹೊಸ ಶಲ್ಯ ಹೊದ್ದು ಕೂತಿದ್ದಾರೆ!

ಆಗಲೇ ಕಿಸಕ್ಕನೆ ನಕ್ಕವನು ಮಹೇಂದ್ರ. ಅಜ್ಜಂಪುರದ ಹುಡುಗ, ಸಂಘದಲ್ಲಿ ಗಾಡಿ ಇಳಿಸಿಕೊಂಡು ಟ್ಯಾಬಿಗೆ ಬರೆಯುವವನು.

"ಒಂದ್ನಿಮಿಷ ಕೇಳ್ರೀ..."

"ಏನೂ ಕೇಳ್ಬೇಕಾಗಿಲ್ಲ!"

ದಡದಡನೆ ಜಗಲಿಗೆ ಬಂದಳು. ಮೂರು ತಿಂಗಳಿಂದ ದಿನಾ ಎಳನೀರು ಕೆತ್ತಿ ಕೈಗಿಡುತ್ತಿದ್ದವನು ಇವನೇನಾ? ಯಾರು ನಕ್ಕರೂ ತಡೆದುಕೊಳ್ಳುತ್ತಿದ್ದೆ, ಇವನೇ ನಗಬೇಕಾ...

ಅವನು ಟ್ಯಾಬ್ ಹಿಡಿದು ಹಿಂದೆಯೇ ಓಡಿ ಬಂದ. "ನಕ್ಕಿದ್ದು ನನ್ ದಡ್ಡತನಕ್ಕೆ ಕಣ್ರೀ. ಮೊದಲನೇ ಗಾಡೀನ ಏನಂತ ಬರ್ದೀನಿ, ನೋಡಿ."

ನೋಡಿದಳು. 'ಲಾಭ'!

"ರಾಶಿ ಮುಂದೆ ಒಂದು ಅನ್ನೋಕೆ ನಮ್ಮ ತಾತ ಬಿಟ್ಟೋರೇ ಅಲ್ಲ. ಲಾಭ, ಎರಡು, ಮೂರು... ಕೈ ಹಂಗೇ ಹೋಗ್ಬಿಡ್ತು. ಎಲ್ರ ಮುಂದೆ ನಂದೇ ತಪ್ಪು ಅಂತೀನಿ. ತಿದ್ದಿ ಬರೀತೀನಿ."

ಗಗನಾ ಹಣೆ ಚಚ್ಚಿಕೊಂಡಳು. ಸಿಂಗಟಗೆರೆಯ ತೋಟದಲ್ಲಿ ಅಪ್ಪನ ಜೊತೆ ಹಾಗೆಯೇ ಕಾಯಿ ಎಣಿಸಿ ಬೆಳೆದವಳು ಅವಳು! ನಾಲ್ಕಕ್ಷರ ಕಲಿತು ಅದನ್ನೇ ಮರೆತೆನಲ್ಲ...

"ನೀವು ತಿದ್ದಬೇಡಿ. ಪ್ರೋಗ್ರಾಂ ಕಲೀಲಿ."

ಒಳಗೆ ಹೋಗಿ ಕೂತಳು. ಪ್ರೋಗ್ರಾಂನಲ್ಲಿ 'ಎಣಿಕೆ' ಎಂಬ ಕ್ಲಾಸಿಗೆ ಹೊಸದೊಂದು ಮೆಥಡ್, ಅಂದರೆ ಆಜ್ಞೆಗಳ ಕಟ್ಟು, ಸೇರಿಸಿದಳು. ಬಂದ ಪದ 'ಲಾಭ' ಆದರೆ ಒಂದು ಎಂದುಕೋ. ಉಳಿದದ್ದನ್ನು ಎಂದಿನಂತೆ ಅಂಕಿ ಮಾಡು. ಅದೂ ಆಗದಿದ್ದರೆ ಕೇಳು, ಊಹಿಸಬೇಡ.

ರನ್ ಒತ್ತಿದಳು. ಸರಸರನೆ ಸಾಲುಗಳೆಲ್ಲ ಹಸಿರಾದವು!

ನಂಜುಂಡಪ್ಪ ಶಲ್ಯ ಕೊಡವಿ ಎದ್ದರು. "ಹೊರಗಿನ ಕಂಪನಿಯೋರಿಗೆ ಗೊತ್ತಾಗ್ತಿತ್ತೇನ್ರಪ್ಪಾ ಇದು? ನನ್ ಮಗಳು ಕಣ್ರಪ್ಪಾ!"

ಸಂಘದವರೆಲ್ಲ ಕೈ ಎತ್ತಿ ಒಪ್ಪಿದರು. ಗಗನಾ ತಲೆ ಎತ್ತಿಕೊಂಡೇ ಹೊರಗೆ ಬಂದಳು. ಮಹೇಂದ್ರ ಎಳನೀರು ಹಿಡಿದು ಕಾಯುತ್ತಿದ್ದ.

"ಸುಮ್ನೆ ಬೈದ್ಬಿಟ್ಟೆ..."

"ಜೀವ್ನಪೂರ್ತಿ ಬೈತೀರಾ? ನಿಮ್ಮನ್ನ ಕಂಡ್ರೆ ನಂಗೆ ಪ್ರಾಣ, ಗಗನಾ. ಮದ್ವೆ ಆಗೋಣ."

ಅವಳ ಎದೆ ಝಲ್ಲೆಂದಿತು. ಆದರೂ ಬಿಟ್ಟುಕೊಡುವ ಹೆಣ್ಣೇ?

"ಇದನ್ನ ಕೇಳ್ತಿರೋ ಎಷ್ಟನೇ ಹುಡುಗಿ ನಾನು?"

"ಲಾಭ!"

ಗಗನಾ ಎಳನೀರು ಕಿತ್ತುಕೊಂಡು ನಕ್ಕಳು. "ಹಂಗಾದ್ರೆ ಎಣಿಕೆ ಅಲ್ಲಿಗೇ ನಿಲ್ಸಿ."